ದೂರೇ ಇಲ್ಲದ ರಾಜ್ಯ

ಚುನಾವಣೆ ಗೆಲ್ಲಿಸಿಕೊಟ್ಟು ಮುಖ್ಯಮಂತ್ರಿಗಳ ಸಲಹೆಗಾರನಾದ ತ್ರಿಲೋಚನನ ಬಾಯನ್ನು ಗುಮಾಸ್ತೆ ದಾಕ್ಷಾಯಣಮ್ಮ ಒಂದೇ ಹಾಳೆಯಲ್ಲಿ ಮುಚ್ಚಿಸಿದರು. ಹೇಗೆ ಅಂತ ಊಹಿಸಿ ನೋಡೋಣ! ಸೋತಿರಾ? ಹಾಗಾದರೆ ಕೇಳಿ.

ದಾಕ್ಷಾಯಣಮ್ಮನ ಮೇಜಿನ ಮೇಲೆ ವಿಧವಾ ವೇತನ ಸಿಗದವರ ನಾಲ್ಕುನೂರು ದೂರುಗಳಿದ್ದವು. ತ್ರಿಲೋಚನ ಬಂದವನೇ ಗುಡುಗಿದ: “ಇವನ್ನೆಲ್ಲ ಗೋದಾಮಿಗೆ ಹಾಕ್ರೀ. ರಾಜ್ಯದಲ್ಲಿ ದೂರೇ ಇಲ್ಲ ಅಂತ ಸಂಜೆಯೊಳಗೆ ವರದಿ ಬರೀರಿ. ಇಲ್ಲಾಂದ್ರೆ ನಾಳೆ ಬೀದರಿಗೆ ವರ್ಗ!”

“ಆಗಲಿ ಸಾರ್” ಎಂದರು ದಾಕ್ಷಾಯಣಮ್ಮ. ಹಾಳೆ ತೆಗೆದು ಬರೆಯತೊಡಗಿದರು.

ಸಂಜೆ ತ್ರಿಲೋಚನ ಖುಷಿಯಿಂದ ಓದತೊಡಗಿದ: ‘ರಾಜ್ಯದಲ್ಲಿ ಯಾವ ದೂರೂ ಇಲ್ಲ.’ ಮುಂದಿನ ಸಾಲಿಗೆ ಮುಖ ಬಿಳಿಚಿಕೊಂಡಿತು. ‘ಆದ್ದರಿಂದ, ದೂರು ನಿವಾರಣೆಗೆಂದೇ ಸೃಷ್ಟಿಸಿದ ಸಲಹೆಗಾರರ ತಾತ್ಕಾಲಿಕ ಹುದ್ದೆಯನ್ನು ಮುಂದುವರಿಸುವ ಅಗತ್ಯವಿಲ್ಲ. ಆದೇಶಕ್ಕಾಗಿ ಮಂಡಿಸಿದೆ.’

“ಏನಮ್ಮಾ ಇದು?”

“ಕೆಲಸ ಮುಗಿದ ಹುದ್ದೆಗೆ ಹೀಗೇ ಬರೆಯೋದು ನಮ್ಮಲ್ಲಿ ಪದ್ಧತಿ ಸಾರ್. ತಮ್ಮ ಸಹಿ ಇಲ್ಲಿ.”

ತ್ರಿಲೋಚನ ಹಾಳೆಯನ್ನು ಪರಪರ ಹರಿದ. “ಆ ದೂರುಗಳನ್ನ ತನ್ನಿ, ಒಂದೂ ಬಿಡಬೇಡಿ!”

ನಾಲ್ಕುನೂರಕ್ಕೂ ತಾನೇ ಕೂತು ‘ವೇತನ ಕೊಡಿ’ ಎಂದು ಒಂದೊಂದು ಸಾಲಿನ ಶಿಫಾರಸು ಬರೆದ. ದಾಕ್ಷಾಯಣಮ್ಮ ನಿರಾಳವಾಗಿ ಉಸಿರುಬಿಟ್ಟು ಕಾಫಿ ತರಿಸಿದರು. ಅವತ್ತು ಮಾರ್ಚ್ ಮೂವತ್ತು, ಮಂಗಳವಾರ. ಸಲಹೆಗಾರನ ಹುದ್ದೆಯ ಅವಧಿಗೂ ಅವನ ಶಿಫಾರಸಿನ ಬೆಲೆಗೂ ಉಳಿದಿದ್ದದ್ದು ಇನ್ನೊಂದೇ ದಿನ!