ಕುಕ್ಕೆದಿಬ್ಬ

ಮುದ್ದನಗೆರೆಯ ಪಶ್ಚಿಮಕ್ಕೆ, ಹಗರಿ ಹೊಳೆಗೂ ಊರಿಗೂ ನಡುವೆ, ಅರ್ಧ ಹರದಾರಿ ಉದ್ದದ ಉಸುಕಿನ ದಿಬ್ಬವಿದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬರಿಗಾಲಿಡಲಾಗದು. ಬೋರೆಯ ಪೊದೆ, ಎಕ್ಕ, ಉಸುಕಿಗೆ ಅಂಟಿಕೊಂಡು ಹಬ್ಬುವ ಹಾವುಮೆಕ್ಕೆಯ ಬಳ್ಳಿ, ಇವಿಷ್ಟೇ ಅಲ್ಲಿನ ಹಸಿರು. ಉಡ, ಓತಿಕ್ಯಾತ, ಬಿಲ ತೋಡುವ ಕೆಂಪುನರಿಗಳು ಅಲ್ಲಿನ ಒಕ್ಕಲು. ಕುಕ್ಕೆದಿಬ್ಬ ಎಂದೊಡನೆ ಪರವೂರಿನವರು ಸುಬ್ರಹ್ಮಣ್ಯನ ಗುಡಿ ಎಲ್ಲಿ ಎಂದು ಕೇಳುವುದುಂಟು. ಇಲ್ಲಿಯ ಕುಕ್ಕೆ ದೇವರದ್ದಲ್ಲ, ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ನಾರಿನ ಬಲೆಯದ್ದು ಎಂದು ಊರಿನ ಹಿರಿಯರು ತಿದ್ದುತ್ತಾರೆ.

ಹಿಂದೆ ಒಂದು ಕಾಲದಲ್ಲಿ ಈ ಊರಿಗೆ ಮೂರು ವರ್ಷ ಮಳೆಯಾಗಲಿಲ್ಲವಂತೆ. ಆಗ ಕುರುಬರ ತಿಪ್ಪಮ್ಮ ಎಂಬ ವಿಧವೆ ನಲವತ್ತು ಆಡುಗಳನ್ನು ಸಾಕಿಕೊಂಡಿದ್ದಳು. ಬೇರೆಲ್ಲೂ ಮೇವಿಲ್ಲದೆ ಅವಳ ಆಡುಗಳೂ ಊರಿನ ಉಳಿದ ಆಡುಗಳೂ ಹೊಳೆಯ ಒರತೆಗೆ ಹೋಗುತ್ತ ಬರುತ್ತ ದಿಬ್ಬದ ಬೋರೆಯನ್ನು ಬುಡದವರೆಗೆ ತಿಂದವು. ಮೂರನೆಯ ಆಷಾಢದಲ್ಲಿ ಪಡುವಣ ಗಾಳಿ ಐದು ದಿನ ಬಿಡದೆ ಬೀಸಿತು. ಗಾಳಿ ನಿಂತಾಗ ಪಶ್ಚಿಮದ ಓಣಿಯ ಹನ್ನೆರಡು ಮನೆಗಳು ಸೂರಿನವರೆಗೆ ಉಸುಕಿನಲ್ಲಿ ಹೂತಿದ್ದವು. ಜನ ಹೇಗೋ ಹೊರಗೆ ಬಂದಿದ್ದರು. ಕಾಳುಕಡಿ ಒಳಗೇ ಉಳಿಯಿತು. ಊರು ಬಿಡುವುದೆಂದು ಹಿರಿಯರು ಮಾತಾಡಿಕೊಂಡರು.

ತಪ್ಪಿಸಿಕೊಂಡ ಆಡೊಂದನ್ನು ಹುಡುಕುತ್ತ ತಿಪ್ಪಮ್ಮ ದಿಬ್ಬ ಹತ್ತಿದಳು. ಆಡು ಸಿಗಲಿಲ್ಲ. ಆದರೆ ಒಂದು ಕಡೆ, ಕಳ್ಳಿಯ ಮೆಳೆ ಸುತ್ತುಗಟ್ಟಿದ್ದರಿಂದ ಆಡುಗಳ ಬಾಯಿಗೆ ಎಟುಕದೆ ಉಳಿದ ನಾಲ್ಕಾರು ಬೋರೆಗಳು ಕಂಡವು. ಗಾಳಿ ಹೊತ್ತುತಂದ ಉಸುಕೆಲ್ಲ ಅವುಗಳ ಬುಡದಲ್ಲಿ ಕುಪ್ಪೆಯಾಗಿ ನಿಂತಿತ್ತು. ಅದರ ಮರೆಯಲ್ಲಿ ನೆಲಗುಬ್ಬಿಯೊಂದು ಮೊಟ್ಟೆಯ ಮೇಲೆ ಕೂತೇ ಇತ್ತು. ಪಕ್ಕದಲ್ಲಿ, ಬೋರೆ ಬೋಳಾಗಿದ್ದಲ್ಲಿ, ಉಸುಕು ತಡೆಯಿಲ್ಲದೆ ಊರಿನತ್ತ ಇಳಿದಿತ್ತು. ಅವಳು ಬಹಳ ಹೊತ್ತು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕೂತಿದ್ದಳು ಎನ್ನುತ್ತಾರೆ. ಮಕ್ಕಳಿಲ್ಲದ ಅವಳಿಗೆ ಆ ಆಡುಗಳೇ ಅನ್ನ, ಅವೇ ಬಳಗ.

ಚಾವಡಿಗೆ ಬಂದು ಭರಮಗೌಡನ ಮುಂದೆ ನಿಂತು ಹೇಳಿದಳು: "ತಪ್ಪು ಗಾಳಿದಲ್ರಿ ಗೌಡ್ರೆ. ನನ್ನ ಆಡು ತಿಂದಲ್ಲೆಲ್ಲ ಉಸುಕು ದಾಟೈತಿ."

ಗೌಡ ಒಪ್ಪಿದ. ಆದರೆ ಒರತೆಗೆ ಇದ್ದುದು ದಿಬ್ಬದ ಮೇಲಿನ ದಾರಿಯೊಂದೇ. ನೀರಿಗೆ ಹೋಗುವ ಆಡು ದಾರಿಯ ಸೊಪ್ಪು ಬಿಡುವುದುಂಟೇ? "ಹಸಿದ ಆಡಿನ ಬಾಯಿ ಕಟ್ಟೋರು ಯಾರವ್ವ?" ಎಂದ.

"ನಾನು ಕಟ್ತೀನ್ರಿ."

ದಿಬ್ಬದ ಎಕ್ಕವನ್ನೇ ಕಡಿದು, ಒಣಗಿಸಿ, ನಾರು ತೆಗೆದು ಕುಕ್ಕೆ ಹೆಣೆದಳು. ಮೊದಲು ತನ್ನ ಆಡುಗಳಿಗೆ ಹಾಕಿದಳು. ಆಮೇಲೆ ದಿಬ್ಬದ ಬುಡದಲ್ಲಿ ಕೂತು ಊರಿನ ಒಂದೊಂದು ಆಡಿಗೂ ತಾನೇ ಕಟ್ಟಿದಳು. ಬೈದವರಿದ್ದರು, ಕಿತ್ತೆಸೆದವರಿದ್ದರು. ಅವಳು ಮತ್ತೆ ಹೆಣೆದಳು. ಹೊಳೆಯಾಚೆಯಿಂದ ಜಾಲಿಕಾಯಿ ಹೊತ್ತು ತಂದು ತನ್ನ ಆಡುಗಳಿಗೆ ಹಾಕಿದಳು, ಸಾಲಲಿಲ್ಲ. ಮಳೆ ಬೀಳುವ ಹೊತ್ತಿಗೆ ನಲವತ್ತರಲ್ಲಿ ಹನ್ನೊಂದು ಉಳಿದವು. ಸತ್ತ ಆಡುಗಳ ಹೆಸರನ್ನು ಅವಳು ಮತ್ತೆ ಯಾವ ಮರಿಗೂ ಇಡಲಿಲ್ಲವಂತೆ. ಬೋರೆ ಬುಡದಿಂದ ಚಿಗುರಿತು. ಮುಂದಿನ ಆಷಾಢದ ಉಸುಕು ಅರ್ಧ ದಿಬ್ಬದಲ್ಲೇ ನಿಂತಿತು, ಅದರ ಮರುವರ್ಷದ್ದು ದಿಬ್ಬ ಇಳಿಯಲೇ ಇಲ್ಲ. ಊರು ಬಿಡುವ ಮಾತು ಅಲ್ಲಿಗೆ ಮುಗಿಯಿತು.

ಈಗ ಹೋದರೂ ನೋಡಬಹುದು. ದಿಬ್ಬದ ಬುಡದಲ್ಲಿ ಕುರಿಗಾಹಿಗಳು ಆಡುಗಳನ್ನು ತಡೆದು ಬಾಯಿಗೆ ಕುಕ್ಕೆ ಕಟ್ಟುತ್ತಾರೆ, ಹೊಳೆಯ ದಂಡೆಯಲ್ಲಿ ಬಿಚ್ಚುತ್ತಾರೆ. ಹೂತ ಓಣಿಯ ಮಾಳಿಗೆಯ ಕಲ್ಲುಗಳು ಅಲ್ಲಲ್ಲಿ ತಲೆ ಎತ್ತಿವೆ. ಅದಕ್ಕೆ ಎದುರಾಗಿ, ಹತ್ತು ಮಾರು ಈಚೆಗೆ, ಊರಿನ ಮೊದಲ ಮನೆ. ಅದರ ತಲಬಾಗಿಲು ಪಶ್ಚಿಮಕ್ಕಿದೆ, ಆಷಾಢದಲ್ಲೂ ತೆರೆದಿರುತ್ತದೆ.