ಕೆಂಚವ್ವನ ಅಂಗಳದ ಕಾವಲು ದೀಪ

ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಕಾಡುಕೋಳಿ ಇದ್ದಳು. ಕಾಡುಕೋಳಿ ಇಲ್ಲದ ಕಾಡು ಯಾವುದು, ಅದೇನು ದೊಡ್ಡ ಸುದ್ದಿ ಅಂತೀರಾ? ಸ್ವಲ್ಪ ತಡೆಯಿರಿ. ಅಂಗಳಕ್ಕೆ ದೀಪ ಹಾಕಿಸಿದ ಕಾಡುಕೋಳಿಯನ್ನು ನೀವು ಎಲ್ಲಿ ನೋಡಿದ್ದೀರಿ? ಕೆಂಚವ್ವ ಹಾಕಿಸಿದ್ದಳು. ಅದೂ ಸುಮ್ಮನೆ ಉರಿಯುವ ದೀಪವಲ್ಲ. ಯಾರಾದರೂ ಕಾಲಿಟ್ಟರೆ ತಾನಾಗಿಯೇ ಹತ್ತುವ ದೀಪ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವಳ ಮೊಟ್ಟೆಗಳನ್ನೆಲ್ಲ ಬೂದಪ್ಪ ಎಂಬ ನರಿ ತಿಂದು ಹೋಗಿದ್ದ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಪಾಪ. ನರಿ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಕೆಂಚವ್ವ ಮೂರು ದಿನ ಕಾಳು ಮುಟ್ಟದೆ ಅತ್ತಳು. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು, "ಅತ್ತಿದ್ದು ಸಾಕು" ಎಂದಳು.

ಈ ವರ್ಷ ಬಿದಿರುಮೆಳೆಯ ಬುಡದಲ್ಲಿ ಏಳು ಮೊಟ್ಟೆ ಇಟ್ಟಳು. ಇಟ್ಟವಳೇ ಮಿಂಚುಹುಳುಗಳ ಹಿರಿಯ ಮಿಣುಕಯ್ಯನ ಹತ್ತಿರ ಹೋದಳು.

"ಮಿಣುಕಯ್ಯ, ನಿಮ್ಮವರು ಬಂದು ನನ್ನ ಅಂಗಳಕ್ಕೆ ಬೆಳಕು ಕೊಡಬೇಕು," ಎಂದಳು.

"ಸಂಜೆಯಿಂದ ಉರೀತಾ ಕೂತರೆ ನಡುರಾತ್ರಿಗೇ ಸುಸ್ತಾಗ್ತೀವಮ್ಮ. ಆಮೇಲೆ ನರಿ ಬಂದರೆ ಮಿಣುಕೋಕೂ ಶಕ್ತಿ ಇರೋದಿಲ್ಲ," ಎಂದ ಮಿಣುಕಯ್ಯ.

"ಸುಮ್ಮಸುಮ್ಮನೆ ಯಾಕೆ ಉರೀಬೇಕು? ಹುಲ್ಲಿನ ಮೇಲೆ ರೆಕ್ಕೆ ಮುಚ್ಚಿಕೊಂಡು ಕೂತಿರಿ. ಹುಲ್ಲು ಅಲುಗಿದರೆ ಬೆಳಗಿ. ಇಲ್ಲದಿದ್ದರೆ ಆರಾಮಾಗಿರಿ."

ಮಿಣುಕಯ್ಯನಿಗೆ ಇದು ಹಿಡಿಸಿತು. ಬದಲಿಗೆ ಅವನ ಕುಲದ ಮರಿಹುಳುಗಳನ್ನು ಎಂದೂ ಕುಕ್ಕುವುದಿಲ್ಲ ಎಂದು ಕೆಂಚವ್ವ ಮಾತು ಕೊಟ್ಟಳು. ಕೋಳಿಯ ಬಾಯಲ್ಲಿ ಅಂಥ ಮಾತು ಬರುವುದು ಸುಲಭವಲ್ಲ, ನೆನಪಿರಲಿ.

ಬೆಳಕು ಬಂದರೆ ಸಾಲದು, ಗದ್ದಲವೂ ಆಗಬೇಕು. ಪಕ್ಕದ ಬೇಲದ ಮರದಲ್ಲಿ ಕರಿಯಣ್ಣ ಎಂಬ ಮುಸುವನ ಸಂಸಾರವಿತ್ತು. "ಬೆಳಕು ಕಂಡ ಕೂಡಲೇ ಕೂಗಿಬಿಡು, ಕರಿಯಣ್ಣ," ಎಂದಳು. ಅವನು ಆಗಲಿ ಎಂದ. ಕೂಗು ಅಂತ ಕೋತಿಗೆ ಯಾರಾದರೂ ಎರಡು ಸಲ ಹೇಳಬೇಕೇ?

ಮೊದಲ ರಾತ್ರಿ ಏನಾಯಿತು ಅಂತೀರಿ? ಗಾಳಿ ಬೀಸಿತು, ದೀಪ ಹತ್ತಿತು, ಕರಿಯಣ್ಣ ಕೂಗಿದ. ಹುಲ್ಲು ತೂಗಿತು, ದೀಪ ಹತ್ತಿತು, ಕರಿಯಣ್ಣ ಕೂಗಿದ. ತರಗೆಲೆ ಉರುಳಿತು, ಮತ್ತೆ ಅದೇ ಕಥೆ. ಬೆಳಿಗ್ಗೆ ಕರಿಯಣ್ಣ ಕೆಂಪು ಕಣ್ಣು ಮಾಡಿಕೊಂಡು ಇಳಿದು ಬಂದ.

"ಇನ್ನೊಂದು ರಾತ್ರಿ ಹೀಗಾದರೆ ನಾನು ಹಳ್ಳದಾಚೆ ಮರಕ್ಕೆ ಹೋಗ್ತೀನಿ, ತಾಯಿ. ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ," ಎಂದ.

ಕೆಂಚವ್ವ ಮಿಣುಕಯ್ಯನನ್ನು ಕರೆದು ಲೆಕ್ಕ ಬದಲಿಸಿದಳು. ಗಾಳಿಗೆ ಹುಲ್ಲು ತೂಗುವಷ್ಟು ನಿಧಾನವಾಗಿ ಏನು ಅಲುಗಿದರೂ ದೀಪ ಬೇಡ. ಅದಕ್ಕಿಂತ ಚುರುಕಾಗಿ ಅಲುಗಿದರೆ ಮಾತ್ರ ಬೇಕು. ಅಂದಿನಿಂದ ಅಂಗಳ ತಣ್ಣಗಾಯಿತು.

ಬೂದಪ್ಪ ಬಂದೇ ಬಂದ. ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ನೂರು ದೀಪ ಒಟ್ಟಿಗೆ ಹತ್ತಿದವು. ಕರಿಯಣ್ಣ ಕಾಡು ಕಿತ್ತುಹೋಗುವಂತೆ ಕೂಗಿದ. ನರಿ ಬಾಲ ಮುದುರಿಕೊಂಡು ಓಡಿದ. ಎರಡು ದಿನ ಬಿಟ್ಟು ಇನ್ನೊಂದು ದಿಕ್ಕಿನಿಂದ ಬಂದ. ಅಲ್ಲೂ ಅದೇ ಮರ್ಯಾದೆ ಸಿಕ್ಕಿತು. ಆಮೇಲೆ ಅವನು ಅಂಗಳಕ್ಕೆ ಬರುವುದನ್ನು ಬಿಟ್ಟ. ದೂರದ ಪೊದೆಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ ನೋಡತೊಡಗಿದ.

ಕಾವು ಕೂತು ಇಪ್ಪತ್ತನೆಯ ದಿನ. ಮೊಟ್ಟೆಯೊಳಗಿಂದ ಆಗಲೇ ಸಣ್ಣಗೆ ಚಿಂವ್ ಚಿಂವ್ ಕೇಳುತ್ತಿತ್ತು. ಬೆಳಗಾದರೆ ಮರಿಗಳು ಹೊರಗೆ. ಅಂದು ಮಧ್ಯಾಹ್ನ ಹೊನ್ನಜ್ಜಿ ಎಂಬ ಮುದಿ ಆಮೆ ಗೊಣಗುತ್ತ ಬಂದಳು.

"ಏನೇ ಕೆಂಚಿ, ನಿನ್ನ ದೀಪ ಊರಿಗೆಲ್ಲ ಹತ್ತುತ್ತೆ, ನನಗೆ ಮಾತ್ರ ಹತ್ತಲ್ಲ. ದಿನಾ ರಾತ್ರಿ ಕೆರೆಗೆ ಇದೇ ದಾರೀಲಿ ಹೋಗ್ತೀನಿ. ನಿನ್ನೆ ಕಲ್ಲಿಗೆ ಮೂಗು ಜಜ್ಜಿಕೊಂಡೆ. ಮುದುಕಿ ಅಂತ ಅಷ್ಟು ತಾತ್ಸಾರವಾ?"

ಕೆಂಚವ್ವನಿಗೆ ತಟ್ಟನೆ ಹೊಳೆಯಿತು. ದೀಪಕ್ಕೆ ಕಾಣದಷ್ಟು ನಿಧಾನವಾಗಿ ಆಮೆ ನಡೆಯುತ್ತಿದೆ. ಅದು ತನಗೆ ಇಂದು ತಿಳಿಯಿತು. ಪೊದೆಯಲ್ಲಿ ಮಲಗಿ ದಿನವೂ ನೋಡುತ್ತಿರುವ ಬೂದಪ್ಪನಿಗೆ ತಿಳಿಯದೆ ಇರುತ್ತದೆಯೇ? ಅವನು ಇಂದು ರಾತ್ರಿಯೇ ಬರುತ್ತಾನೆ. ನಾಳೆ ಬಂದರೆ ಅವನಿಗೆ ಮೊಟ್ಟೆ ಎಲ್ಲಿದೆ?

ಹಾಗೆಂದು ದೀಪವನ್ನು ಮೊದಲಿನಂತೆ ಮಾಡಿದರೆ ಗಾಳಿಗೆ ರಾತ್ರಿಯೆಲ್ಲ ಹತ್ತುತ್ತದೆ, ಕರಿಯಣ್ಣ ಮರ ಬಿಟ್ಟು ಹೋಗುತ್ತಾನೆ. ಅವಳು ಬೂದಪ್ಪ ಮಲಗುವ ಪೊದೆಯ ಕಡೆ ನೋಡಿದಳು. ಅದರ ಪಕ್ಕದಲ್ಲೇ ಒಂದು ದೊಡ್ಡ ಹುತ್ತವಿತ್ತು.

"ಅಜ್ಜಿ, ಆ ದೊಡ್ಡ ಹುತ್ತದಿಂದ ಇಲ್ಲಿಗೆ ಬರೋಕೆ ನಿಮಗೆ ಎಷ್ಟು ಹೊತ್ತು ಬೇಕು?"

"ಹುತ್ತದಿಂದಲಾ? ಕತ್ತಲಾದ ಮೇಲೆ ಹೊರಟರೆ ಇಲ್ಲೇ ಬೆಳಕು ಹರಿಯುತ್ತೆ ಕಣೇ."

ಕೆಂಚವ್ವ ನಕ್ಕಳು. "ಹಾಗಾದರೆ ನರಿ ಬರಲಿ ಬಿಡಿ. ಅವನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ," ಎಂದಳು. ಮಿಣುಕಯ್ಯನಿಗೆ ಹೇಳಿಕಳಿಸಿದಳು. ಸಂಜೆಯ ಹೊತ್ತಿಗೆ ದೀಪದ ಕಾವಲು ಗೂಡಿನ ಸುತ್ತಲೂ ದೊಡ್ಡ ಹುತ್ತದಷ್ಟು ದೂರಕ್ಕೆ ಹರಡಿತ್ತು.

ಅವಳು ಎಣಿಸಿದಂತೆಯೇ ಆಯಿತು. ಹುಳುಗಳು ಹರಡಿದ್ದನ್ನು ಪೊದೆಯಿಂದಲೇ ನೋಡಿದ್ದ ಬೂದಪ್ಪ ಕತ್ತಲಾದೊಡನೆ ಹುತ್ತದ ಹತ್ತಿರ ಬಂದು ಒಂದು ಕಾಲನ್ನು ಮೆಲ್ಲಗೆ ಎತ್ತಿದ. ಇನ್ನೂ ಮೆಲ್ಲಗೆ ಇಟ್ಟ. ದೀಪ ಹತ್ತಲಿಲ್ಲ. ಅವನ ಹೊಟ್ಟೆಯೊಳಗೆ ಸಂತೋಷ ಕುಣಿಯಿತು. ಆದರೆ ಮೈ ಕುಣಿಯುವಂತಿಲ್ಲ. ಕಣ್ಣು ಹೊಳೆದರೆ ಗುರುತು ಸಿಕ್ಕೀತೆಂದು ಕಣ್ಣನ್ನೂ ಮುಚ್ಚಿಕೊಂಡ. ಮೂಗಿಗೆ ಕೋಳಿಯ ವಾಸನೆ ಬರುತ್ತಿತ್ತು, ದಾರಿಗೆ ಅಷ್ಟು ಸಾಕು. "ತಾಳಿದವನು ಬಾಳಿಯಾನು" ಎಂದು ತನಗೆ ತಾನೇ ಹೇಳಿಕೊಂಡ. ನರಿಯ ಬಾಯಲ್ಲಿ ಗಾದೆ ಬಂತೆಂದರೆ ಕೇಳುವವರು ಸ್ವಲ್ಪ ಎಚ್ಚರವಾಗಿರಬೇಕು.

ಒಂದು ಸಲ ಅವನ ಕಿವಿಯ ಮೇಲೆ ಸೊಳ್ಳೆ ಕೂತಿತು. ಹೊಡೆಯುವಂತಿಲ್ಲ. ಸೊಳ್ಳೆ ಹೊಟ್ಟೆ ತುಂಬ ಕುಡಿದು ಹೋಯಿತು.

ಮೂಡಣದಲ್ಲಿ ಬಾನು ಬಿಳುಪಾಯಿತು. ಗೂಡಿನಲ್ಲಿ ಒಂದೊಂದೇ ಮೊಟ್ಟೆ ಬಿರಿಯಿತು. ಒಂದು ಮರಿ, ಎರಡು ಮರಿ, ಆರು ಮರಿ. ಏಳನೆಯದು ಮಾತ್ರ ಬರಲಿಲ್ಲ. ಮೊಟ್ಟೆಯಲ್ಲಿ ಒಂದು ತೂತು ಮಾಡಿ, ಕೊಕ್ಕು ಹೊರಗಿಟ್ಟು, ಸುಮ್ಮನೆ ಕೂತುಬಿಟ್ಟಿತು. ಕೆಂಚವ್ವ ತಲೆಯೆತ್ತಿ ನೋಡಿದಳು. ಅರೆಬೆಳಕಿನಲ್ಲಿ ಈಗ ಅವಳಿಗೆ ಕಣ್ಣು ಕಂಡಿತು. ನರಿ ನಾಲ್ಕೇ ಮಾರು ದೂರದಲ್ಲಿದ್ದ.

ಕೂಗಿದರೆ ಅವನು ಒಂದೇ ನೆಗೆತಕ್ಕೆ ಮೇಲೆ ಬೀಳುತ್ತಾನೆ. ಕೆಂಚವ್ವನಿಗೆ ಭಯವಾಯಿತು, ಆಗದೆ ಇರುತ್ತದೆಯೇ? ಆದರೂ ಅವಳು ಬಾಯಿ ಬಿಡಲಿಲ್ಲ. ದೀಪ ಕಾಯುತ್ತಿದೆ ಎಂದು ಅವನು ನಂಬಿರುವವರೆಗೂ ಓಡುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಬೇಲದ ಮರದಲ್ಲಿ ಎಚ್ಚರಗೊಂಡ ಕರಿಯಣ್ಣ ಕೂಗಲು ಬಾಯಿ ತೆರೆದ. ಕೆಂಚವ್ವ ಬೇಡ ಎಂದು ತಲೆಯಾಡಿಸಿದಳು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೋತಿ ಬಾಯಿ ಮುಚ್ಚಿಕೊಂಡದ್ದು ಆ ಕಾಡಿನಲ್ಲಿ ಅದೇ ಮೊದಲು.

"ಬಾ ಮಗ, ಬಾ ನನ್ನ ಬಂಗಾರ," ಎಂದು ಕೆಂಚವ್ವ ಮೊಟ್ಟೆಗೆ ಪಿಸುಗುಟ್ಟಿದಳು.

ನರಿ ಮೂರು ಮಾರು ದೂರ ಬಂದ. ಎರಡು ಮಾರು ದೂರ ಬಂದ. ಮೊಟ್ಟೆ ಟಪ್ಪನೆ ಬಿರಿದು ಏಳನೆಯ ಮರಿ ಉರುಳಿಕೊಂಡು ಬಂತು. ಕೆಂಚವ್ವ ಏಳನ್ನೂ ಮುಂದೆ ಬಿಟ್ಟುಕೊಂಡು ಸದ್ದಿಲ್ಲದೆ ಮುಳ್ಳುಪೊದೆಯೊಳಗೆ ನುಗ್ಗಿದಳು. ನರಿ ನುಗ್ಗಲಾಗದಂಥ ದಟ್ಟ ಪೊದೆ ಅದು.

ಬೂದಪ್ಪನ ಮೂಗಿಗೆ ಗೂಡು ತಾಗಿತು. ಇನ್ನು ತಡೆಯಲಾರೆ ಎಂದು ಬಾಯಿ ಅಗಲಿಸಿ ಗಬಕ್ಕನೆ ಹಾಕಿದ. ಕರಕರ ಎಂದಿತು. ಬರೀ ಸಿಪ್ಪೆ. ನಾಲಗೆಯ ತುಂಬ ಸಿಪ್ಪೆ.

ಕಣ್ಣು ಬಿಟ್ಟು ನೋಡಿದ. ಸುತ್ತಲೂ ಬೆಳ್ಳನೆ ಬಿಸಿಲು. ಕೆರೆಯಿಂದ ಮರಳುತ್ತಿದ್ದ ಹೊನ್ನಜ್ಜಿ ಎದುರಿಗೆ ನಿಂತು ಅವನನ್ನೇ ನೋಡುತ್ತಿದ್ದಳು.

"ಏನಪ್ಪಾ ಬೂದಪ್ಪ, ಯಾರಿಗೆ ಹೆದರಿ ಹೀಗೆ ನಡೀತಿದ್ದೆ? ಮಿಣುಕಯ್ಯನ ಕಡೆಯವರು ಮೂಡಲು ಬೆಳ್ಳಗಾದಾಗಲೇ ಮನೆಗೆ ಹೋಗಿ ಮಲಗಿದರಲ್ಲ. ಆಗ ಓಡಿಬಂದಿದ್ದರೆ ಏಳೂ ನಿನ್ನದೇ ಆಗ್ತಿತ್ತು," ಎಂದಳು.

ಕರಿಯಣ್ಣ ಬಾಯಿಂದ ಕೈ ತೆಗೆದ. ಇಡೀ ಸಂಸಾರ ಒಟ್ಟಿಗೆ ಕೂಗಿತು, ಒಟ್ಟಿಗೆ ಬೇಲದ ಕಾಯಿ ಎಸೆಯಿತು. ಕಲ್ಲಿನಂಥ ಕಾಯಿ, ಗುರಿ ತಪ್ಪದ ಕೈ. ರಾತ್ರಿಯೆಲ್ಲ ಆಮೆಯಂತೆ ನಡೆದ ನರಿ ಹಳ್ಳದಾಚೆಯವರೆಗೆ ನಿಲ್ಲದೆ ಓಡಿದ. ಮುಳ್ಳುಪೊದೆಯ ಒಳಗೆ ಕೆಂಚವ್ವ ಏಳು ಮರಿಗಳನ್ನೂ ರೆಕ್ಕೆಯಡಿ ಎಳೆದುಕೊಂಡು, ಆ ವರ್ಷ ಮೊದಲ ಸಲ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು.

ನೀತಿ: ಕಾವಲು ಕಳ್ಳನನ್ನು ಹಿಡಿಯಲೇಬೇಕೆಂದಿಲ್ಲ, ತಡಮಾಡಿಸಿದರೂ ಸಾಕು. ಕಾವಲಿನ ಕೊರತೆಯನ್ನು ಕಳ್ಳ ಬರುವ ಮೊದಲೇ ಒಪ್ಪಿಕೊಂಡವರ ಮನೆ ಉಳಿಯುತ್ತದೆ.