ಕಮಾನಿನ ಮಣ್ಣು

ಮಳೆಗಾಲ ಹತ್ತಿರವಾದಾಗ ಇರುವೆಗೂಡಿನ ಅಧ್ಯಕ್ಷರು ಸಭೆ ಕರೆದು, "ಬಾಗಿಲ ಸುತ್ತ ಒಡ್ಡು ಕಟ್ಟಬೇಕು, ತಲೆಗೆ ಹತ್ತು ಹರಳು ಮಣ್ಣು ಕೊಡಿ" ಎಂದರು.

ಮುದಿ ಇರುವೆಯೊಂದು ಎದ್ದು ನಿಂತಿತು. ಹೋದ ವರ್ಷವೂ ಒಡ್ಡಿಗೆಂದೇ ಮಣ್ಣು ಹೊತ್ತು ಅದರ ಬೆನ್ನು ಬಾಗಿತ್ತು. ಆ ಮಣ್ಣಿನಿಂದ ಎದ್ದದ್ದು ಮಾತ್ರ ಅಧ್ಯಕ್ಷರ ಹೆಸರಿನ ಸ್ವಾಗತ ಕಮಾನು.

"ಇನ್ನು ಒಂದು ಹರಳೂ ಕೊಡುವುದಿಲ್ಲ" ಎಂದಿತು. ಗೂಡೆಲ್ಲ ಅದರ ಬೆನ್ನಿಗೆ ನಿಂತಿತು. ಒಡ್ಡು ಏಳಲಿಲ್ಲ.

ಮೊದಲ ಮಳೆಗೇ ನೀರು ನುಗ್ಗಿ ಮೊಟ್ಟೆಗಳೆಲ್ಲ ಕೊಚ್ಚಿಹೋದವು, ಮುದಿ ಇರುವೆ ಕಾಪಾಡಿಕೊಂಡು ಬಂದಿದ್ದವೂ ಸೇರಿ.

"ಈ ಸಲ ನಾನು ನಿಜವನ್ನೇ ಹೇಳಿದ್ದೆನಲ್ಲ" ಎಂದರು ಅಧ್ಯಕ್ಷರು.

"ಹೇಳಿದಿರಿ ಸ್ವಾಮಿ" ಎಂದಿತು ಮುದಿ ಇರುವೆ, ಎತ್ತರದಲ್ಲಿ ಉಳಿದಿದ್ದ ಕಮಾನಿನಿಂದ ಒಡ್ಡಿಗೆಂದು ಮೊದಲ ಹರಳು ಕೀಳುತ್ತ. "ನಿಮ್ಮನ್ನು ನಂಬುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು."